ಬಾಯಿ ತೆರೆದ ಫೋಟೋ ಮತ್ತು ರಾಗಿ ಕೇಕು

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ. ಅದನ್ನು ಕಿತ್ತು ಬಚ್ಚಿಡಲು ನಾನು ಬಹಳ ಸಲ ಪ್ರಯತ್ನಿಸಿದ್ದೇನೆ. ಆದರೆ ಅದು ಹಳೆಯ ಕಾಲದ ಅಂಟು ಹಾಳೆಯ ಆಲ್ಬಮ್ಮು. ಫೋಟೋ ಕೀಳಲು ಹೋದರೆ ನನ್ನ ಮುಖ ಅಲ್ಲೇ ಉಳಿದು ಬರೀ ಗೋಡೆ ಕೈಗೆ ಬರುವ ಹಾಗಿದೆ. ಮಗಳು ಸಿಂಚನಳ ಎಂಟನೆಯ ಹುಟ್ಟುಹಬ್ಬದ ಫೋಟೋ ಅದು. ಜೀವನ್ ಬಿಮಾ ನಗರದ ನಮ್ಮ ಮನೆಯ ಹಾಲು, ಫ್ಯಾನಿಗೆ ಕಟ್ಟಿದ ಬಣ್ಣದ ಕಾಗದದ ಸರ, ಮೇಜಿನ ಮೇಲೆ ಕಂದು ಬಣ್ಣದ ಒಂದು ಕೇಕು. ಕೇಕಿನ ಹಿಂದೆ ನಾನು ಸೊಂಟ ಬಗ್ಗಿಸಿ, ಕಣ್ಣು ಮುಚ್ಚಿ, ಬಾಯಿಯನ್ನು ಕಿರುನಾಲಗೆ ಕಾಣುವಷ್ಟು ಅಗಲಿಸಿ ನಿಂತಿದ್ದೇನೆ.

ಮನೆಗೆ ಬಂದವರು ಆಲ್ಬಮ್ ತಿರುಗಿಸುತ್ತಾ ಸರಿಯಾಗಿ ಆ ಪುಟದಲ್ಲೇ ನಿಲ್ಲುತ್ತಾರೆ. ಕಾಫಿ ಲೋಟವನ್ನು ಕೆಳಗಿಟ್ಟು, "ಏನ್ ಸಾರ್ ಇದು, ಹಲ್ಲಿನ ಡಾಕ್ಟ್ರು ಮನೆಗೇ ಬಂದಿದ್ರಾ?" ಎನ್ನುತ್ತಾರೆ. ನನ್ನ ಹೆಂಡತಿ ಗಿರಿಜ ಈ ಮಾತಿಗೆ ಇವತ್ತಿಗೂ ಮೊದಲ ಸಲ ಕೇಳಿದವಳಂತೆ ನಗುತ್ತಾಳೆ. ಇರಲಿ. ಈ ಬಾಯಿ ಯಾಕೆ ತೆರೆದಿತ್ತು ಎಂದು ಹೇಳಬೇಕಾದರೆ ನನ್ನ ಮಗಳ ಹೊಟ್ಟೆಯಿಂದ ಶುರು ಮಾಡಬೇಕು. ನಿಮಗೆ ಪುರುಸೊತ್ತಿದೆ ತಾನೆ?

ಸಿಂಚನ ಚಿಕ್ಕವಳಿದ್ದಾಗ ಏನು ತಿಂದರೂ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ದೃಷ್ಟಿ ತೆಗೆದದ್ದಾಯಿತು, ಜಂತುಹುಳದ ಔಷಧಿ ಆಯಿತು, ತಾಯತ ಆಯಿತು. ಕೊನೆಗೆ ರಿಚರ್ಡ್ಸ್ ಟೌನಿನ ಡಾಕ್ಟರೊಬ್ಬರು ಏನೇನೋ ಪರೀಕ್ಷೆ ಮಾಡಿಸಿ, "ಈ ಮಗುವಿಗೆ ಗೋಧಿ ಆಗಲ್ಲ. ಅದರಲ್ಲಿ ಗ್ಲುಟೆನ್ ಅಂತ ಒಂದು ಅಂಶ ಇರುತ್ತೆ. ಗೋಧಿ, ಮೈದಾ, ರವೆ, ಬ್ರೆಡ್ಡು, ಬಿಸ್ಕೆಟ್ಟು ಯಾವುದೂ ಬೇಡ. ಒಂದು ಚೂರೂ ಬೇಡ. ಜೀವನಪೂರ್ತಿ ಬೇಡ" ಎಂದರು. ಆಗಿನ್ನೂ ಈ ಕಾಯಿಲೆಯ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಆಫೀಸಿನಲ್ಲಿ ಹೇಳಿದರೆ, "ಗೋಧಿನಾ? ಗೋಧಿ ಆರೋಗ್ಯಕ್ಕೆ ಒಳ್ಳೇದಲ್ವೇನ್ರೀ, ಯಾವ ಡಾಕ್ಟ್ರು ಅವನು?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಮನೆಯಲ್ಲಿ ಈ ಸುದ್ದಿಗೆ ಒಂಚೂರೂ ಅಲುಗಾಡದವಳೆಂದರೆ ನಮ್ಮಮ್ಮ. ಅವಳ ತವರು ಹೊರಮಾವು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ, ಅವಳ ಕಾಲಕ್ಕೆ ಎದ್ದು ನಿಂತಿದ್ದು ರಾಗಿ ಪೈರು ಮಾತ್ರ.

"ಇಷ್ಟೇನಾ? ನಮ್ಮಪ್ಪನ ಮನೇಲಿ ಗೋಧಿ ಮುಖ ಯಾರ್ ನೋಡಿದ್ರು? ಸಕ್ರೆ ಕಾಯ್ಲೆ ಬಂದೋರು ಚಪಾತಿ ತಿಂತಿದ್ರು, ಅಷ್ಟೇಯ. ಮಗೀಗೆ ನಾನ್ ಮಾಡ್ಹಾಕ್ತೀನಿ, ಸುಮ್ನಿರಿ" ಎಂದಳು.

ಮಾಡಿಹಾಕಿದಳು ಕೂಡ. ಅಕ್ಕಿ ತಂಬಿಟ್ಟು, ಕಡಲೆಬೀಜದ ಉಂಡೆ, ಹುರಿಗಡಲೆ ಪುಡಿಗೆ ಬೆಲ್ಲ ಕಲಸಿದ ಮುದ್ದೆ, ರಾಗಿ ಹುರಿಹಿಟ್ಟು. ಸ್ಕೂಲಿನಲ್ಲಿ ಸಿಂಚನಳ ಡಬ್ಬಿಯ ತಂಬಿಟ್ಟಿಗೆ ಎಷ್ಟು ಬೇಡಿಕೆ ಬಂತೆಂದರೆ, ಅವಳ ಪಾಲಿಗೆ ಏಲಕ್ಕಿ ವಾಸನೆ ಮಾತ್ರ ಉಳಿಯುತ್ತಿತ್ತು. ಈಗ ಇಂದಿರಾನಗರದ ಅಂಗಡಿಗಳಲ್ಲಿ ಇವೇ ಉಂಡೆಗಳನ್ನು ಗಾಜಿನ ಭರಣಿಗೆ ತುಂಬಿ, ರಿಬ್ಬನ್ ಕಟ್ಟಿ, ಗ್ಲುಟೆನ್-ಫ್ರೀ ಎಂದು ಚೀಟಿ ಅಂಟಿಸಿ ಮಾರುತ್ತಾರೆ. ಒಂದು ಸಲ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಭರಣಿಯನ್ನು ಎತ್ತಿ, ತಿರುಗಿಸಿ, ವಾಪಸ್ಸಿಟ್ಟು, "ಉಂಡೆ ಕಟ್ಟಿರೋದು ಸಡ್ಲ" ಎಂದು ಹೊರಗೆ ಬಂದಳು.

ಗಿರಿಜ ಮನೆಯಿಂದ ಗೋಧಿಯನ್ನೇ ಗಡೀಪಾರು ಮಾಡಿದಳು. ಲಟ್ಟಣಿಗೆ, ಜರಡಿ, ಹಿಟ್ಟಿನ ಡಬ್ಬ ಎಲ್ಲ ಹೊಸತು ಬಂದವು. ಉಪ್ಪಿಟ್ಟು ತೊಲಗಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಮಾರನೆಯ ದಿನವೇ ಅಕ್ಕಿತರಿಯ ಉಪ್ಪಿಟ್ಟು ಬಂದು ಕೂತಿತು. ಆದರೆ ಪೂರಿಯ ಚಪಲ ಬಿಡಬೇಕಲ್ಲ? ಆಫೀಸಿನಿಂದ ಬರುವಾಗ ಹಲಸೂರಿನಲ್ಲಿ ಬಸ್ಸಿಳಿದು, ಹೋಟೆಲಿಗೆ ನುಗ್ಗಿ, ಪೂರಿ ಸಾಗು ಮುಗಿಸಿ, ಬಾಯಿ ತೊಳೆದು ಸಭ್ಯನ ಹಾಗೆ ಮನೆಗೆ ಬರುತ್ತಿದ್ದೆ. ಗಿರಿಜ ಬಾಗಿಲಲ್ಲೇ ಅಡ್ಡ ನಿಂತು ನನ್ನ ಮೀಸೆಯನ್ನು ಮೂಸುತ್ತಿದ್ದಳು.

"ಪೂರಿ ತಿಂದಿದ್ದೀರ. ಹೋಗಿ ಸೋಪ್ ಹಾಕಿ ಮೀಸೆ ತೊಳ್ಕೊಂಡ್ಬನ್ನಿ. ಆಮೇಲೆ ಮಗೂನ ಮುಟ್ಟಿ."

ಮದುವೆಯಾದ ಹೊಸತರಲ್ಲೂ ಅವಳು ನನ್ನ ಮೀಸೆಯ ಮೇಲೆ ಇಷ್ಟು ಗಮನ ಕೊಟ್ಟಿರಲಿಲ್ಲ.

ಹೀಗೆಲ್ಲ ನಡೆದಿರುವಾಗ ಸಿಂಚನಳ ಏಳನೆಯ ಹುಟ್ಟುಹಬ್ಬ ಬಂತು. ಮಕ್ಕಳನ್ನು ಕರೆದ ಮೇಲೆ ಕೇಕು ಬೇಡವೇ? ಆ ಒಂದು ದಿನದ ಮಟ್ಟಿಗೆ ಗಿರಿಜಳನ್ನು ಒಪ್ಪಿಸಿ ಬೇಕರಿಯಿಂದ ಗುಲಾಬಿ ಹೂವಿನ ಕೇಕು ತಂದೆ. ಸಿಂಚನ ಕತ್ತರಿಸಿದಳು, ನನ್ನ ಬಾಯಿಗಿಟ್ಟಳು, ಅವರಮ್ಮನ ಬಾಯಿಗಿಟ್ಟಳು, ಸ್ನೇಹಿತರಿಗೆಲ್ಲ ತಟ್ಟೆ ಹಂಚಿದಳು. ಎಲ್ಲರೂ ಬೆರಳು ಚೀಪುತ್ತಿರುವಾಗ ಮೂಲೆಯಲ್ಲಿ ಕುಳಿತು ಒಂದು ಏಲಕ್ಕಿ ಬಾಳೆಹಣ್ಣು ಸುಲಿದು ತಿಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. ಮಾರನೆಯ ಬೆಳಿಗ್ಗೆ ನಾನು ಶೂ ಹಾಕಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು.

"ಅಪ್ಪಾ, ಮುಂದಿನ್ ಸಲ ನಾನ್ ಕಟ್ ಮಾಡಿದ್ ಕೇಕು ನಾನೂ ತಿನ್ಬೇಕು. ಆಮೇಲೆ ಹೊಟ್ಟೆ ನೋಯ್ಬಾರ್ದು. ಆಗುತ್ತಾ?"

"ಆಗುತ್ತೆ ಪುಟ್ಟಿ, ಯಾಕಾಗಲ್ಲ!" ಎಂದುಬಿಟ್ಟೆ. ಶೂ ಲೇಸು ಕಟ್ಟುತ್ತಾ ಕೊಟ್ಟ ಮಾತು. ಆದರೆ ಆ ಹುಡುಗಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕೇಕಿನ ಮಾತು ಆಮೇಲೆ, ಮೊದಲು ಹೊಟ್ಟೆ ನೋಯಬಾರದಲ್ಲ? ಗೋಧಿ ಬಿಟ್ಟ ಮೇಲೆ ಮಗು ಎಷ್ಟೋ ಸುಧಾರಿಸಿತ್ತು, ಆದರೆ ಆಗಾಗ ನೋವು ಬರುತ್ತಲೇ ಇತ್ತು. ಎಲ್ಲಿಂದಲೋ ಗೋಧಿ ಕದ್ದು ಒಳಗೆ ಬರುತ್ತಿದೆ ಎಂದು ಗಿರಿಜ ತೀರ್ಮಾನಿಸಿದಳು. ಮನೆ ಪೊಲೀಸ್ ಠಾಣೆಯಾಯಿತು. ಅತ್ತೆ ನಿಪ್ಪಟ್ಟು ಗರಿಗರಿ ಆಗಲೆಂದು ಮೈದಾ ಸೇರಿಸುತ್ತಿದ್ದಾರೆಂದು ಗಿರಿಜಳಿಗೆ ಅನುಮಾನ. ಸೊಸೆ ಪಾತ್ರೆ ಸರಿಯಾಗಿ ಉಜ್ಜುವುದಿಲ್ಲವೆಂದು ಅಮ್ಮನಿಗೆ ಅನುಮಾನ. ಇಬ್ಬರಿಗೂ ಸೇರಿ ನನ್ನ ಮೀಸೆಯ ಮೇಲೆ ಅನುಮಾನ. ತಪ್ಪಿಸಿಕೊಳ್ಳಲು ನಾನು ಹಿಟ್ಟಿನ ಗಿರಣಿಯ ಕಡೆ ಕೈ ತೋರಿಸಿದೆ.

ತೋರಿಸಿದ್ದು ಸುಮ್ಮನೆ, ಆದರೆ ವಿಷಯ ನಿಜವೇ ಆಗಿತ್ತು. ನಮ್ಮ ರಾಗಿಗೆ ಮುಂಚೆ ಅದೇ ಮಿಷಿನ್ನಿನಲ್ಲಿ ಯಾರದೋ ಗೋಧಿ ಬೀಸಿರುತ್ತಾರೆ. ಗಿರಣಿಯ ಸೆಲ್ವಂ ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಹಿಟ್ಟು ಮೆತ್ತಿಕೊಂಡಿರುತ್ತಿದ್ದ ಮನುಷ್ಯ. ಮಿಷಿನ್ನಿನ ಸದ್ದಿಗೆ ಅಭ್ಯಾಸವಾಗಿ, ಅದು ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದ.

"ಸೆಲ್ವಂ, ಮಿಷಿನ್ ಸ್ವಲ್ಪ ತೊಳೆದು ನಮ್ ರಾಗಿ ಹಾಕ್ತೀರಾ?" ಎಂದೆ.

"ತೊಳೆಯೋದಾ? ಮಿಷಿನ್‌ಗೆ ಸ್ನಾನ ವರ್ಷಕ್ಕೊಂದ್ಸಲ ಸಾರ್! ಆಯುಧಪೂಜೆಗೆ ಬನ್ನಿ!" ಎಂದು ಅವನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಸರಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದರಾಯಿತು ಎಂದು ಗಿರಣಿ ತೆಗೆಯುವ ಮುಂಚೆಯೇ ರಾಗಿ ಡಬ್ಬ ಹಿಡಿದು ನಿಂತೆ. ಸೆಲ್ವಂ ಬಂದ, ಊದುಬತ್ತಿ ಹಚ್ಚಿದ, ಕೈ ಮುಗಿದ, ಗೋಣಿಯಿಂದ ಒಂದು ಹಿಡಿ ಗೋಧಿ ತೆಗೆದು ಮಿಷಿನ್ನಿಗೆ ಸುರಿದೇಬಿಟ್ಟ.

"ಅಯ್ಯೋ! ಇದೇನ್ರೀ ಮಾಡಿದ್ರಿ?"

"ಬೋಣಿ ಸಾರ್. ಮುರುಗನ ಹೆಸರಲ್ಲಿ ದಿನಾ ಮೊದಲು ಒಂದು ಹಿಡಿ ಗೋಧಿ."

"ಮುರುಗನಿಗೆ ರಾಗಿ ಹಾಕ್ರೀ, ಅವನು ಬೇಡ ಅಂತಾನಾ?"

ಸೆಲ್ವಂ ನನ್ನ ಡಬ್ಬದೊಳಗೆ ಇಣುಕಿ ನೋಡಿದ. "ಕರ್ರಗಿದೆ ಸಾರ್. ಬೋಣಿಗೆ ಆಗಲ್ಲ."

ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಅಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊರಮಾವಿನ ಹೊಲಕ್ಕೆ ಹೊಲವೇ ಎದ್ದು ಬಂದಂತಿತ್ತು. "ರಾಗಿ ಬೋಣಿಗಾಗಲ್ವಂತಾ? ಅವನ ಗಿರ್ಣಿ ಹಾಳಾಗ! ಲೋ, ಆ ದೊಡ್ಡಪತ್ರೆ ಕುಂಡ ಎತ್ತೋ ಪಕ್ಕಕ್ಕೆ!"

ಕುಂಡದ ಕೆಳಗೆ ಪೀಠವಾಗಿ ಕೂತಿದ್ದು ಅಮ್ಮ ತವರಿನಿಂದ ತಂದಿದ್ದ ಬೀಸುವ ಕಲ್ಲು. ಉಜ್ಜಿ ತೊಳೆದು ಒಳಗೆ ತಂದೆವು. ರಾಗಿ ಹೊರಮಾವಿನ ಸೋದರಮಾವನ ಮನೆಯದು, ಕಲ್ಲು ಅಮ್ಮನದು, ತೋಳು ನನ್ನದು. ಗೂಟ ಹಿಡಿದು ತಿರುಗಿಸುವುದು ನೋಡಲು ಬಹಳ ಸುಲಭ. ಒಂದು ಸೇರು ಮುಗಿಯುವುದರೊಳಗೆ ನನ್ನ ಭುಜ ಹರಿದು ಕೈಗೆ ಬಂದಿತ್ತು. ಆಫೀಸಿನಲ್ಲಿ ಸಹಿ ಹಾಕಲು ಹೋದರೆ ಕೈ ತಾನೇ ತಾನಾಗಿ ಸುತ್ತು ಹೊಡೆಯುತ್ತಿತ್ತು.

ಇಷ್ಟಾದರೂ ನೋವು ಪೂರ್ತಿ ಹೋಗಲಿಲ್ಲ. ಹೋಗದಿದ್ದಕ್ಕೆ ಕಾರಣ ನಮ್ಮ ಕಣ್ಣೆದುರೇ, ಒಲೆಯ ಪಕ್ಕದ ಗೂಡಿನಲ್ಲೇ ಕೂತಿತ್ತು.

ಇಲ್ಲಿ ನಮ್ಮಮ್ಮನ ವೈದ್ಯಕೀಯದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಬೀದಿಯ ಹೊಟ್ಟೆನೋವುಗಳಿಗೆಲ್ಲ ಅಮ್ಮನೇ ಡಾಕ್ಟರು. ಮಜ್ಜಿಗೆಗೆ ಉಪ್ಪು, ಮೇಲೆ ಒಂದು ಚಿಟಿಕೆ ಇಂಗು. ಒಂದೇ ಔಷಧಿ, ಎಲ್ಲ ವಯಸ್ಸಿನವರಿಗೂ. ತಾಯಂದಿರು ಅಳುವ ಮಕ್ಕಳನ್ನು ಎತ್ತಿಕೊಂಡು "ಮುನಿಯಮ್ಮನೋರು ಇದ್ದಾರಾ?" ಎಂದು ಗೇಟಿನ ಬಳಿ ನಿಂತರೆ ಅಮ್ಮನ ನಡಿಗೆಯ ಗತ್ತೇ ಬದಲಾಗುತ್ತಿತ್ತು. ಇನ್ನು ಸ್ವಂತ ಮೊಮ್ಮಗಳಿಗೆ ಕೇಳಬೇಕೆ? ಸಿಂಚನ ಹೊಟ್ಟೆ ಮುಟ್ಟಿಕೊಂಡರೆ ಸಾಕು, ಇಂಗಿನ ಮಜ್ಜಿಗೆ ಬರುತ್ತಿತ್ತು. ನೋವು ಹೆಚ್ಚಾದರೆ ಇಂಗೂ ಹೆಚ್ಚು.

ಒಂದು ಭಾನುವಾರ ಕೋಡುಬಳೆ ತಿಂದ ಮೇಲೆ ಮಗುವಿಗೆ ಮತ್ತೆ ನೋವು ಬಂತು. ಅಮ್ಮ ಈ ಸಲ ಮಜ್ಜಿಗೆಯಲ್ಲಿ ಆಗುವುದಿಲ್ಲವೆಂದು, ಲೋಟದಲ್ಲಿ ನೀರಿಟ್ಟು ಇಂಗಿನ ಪುಡಿಯನ್ನು ಚಮಚಗಟ್ಟಲೆ ಸುರಿದು ಕಷಾಯಕ್ಕೆ ಒಲೆಯ ಮೇಲಿಟ್ಟಳು. ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ರೋಗಿ ಬಂದರು. ಅವರನ್ನು ನೋಡಿ ಕಳಿಸಿ ಒಳಗೆ ಬಂದವಳು ಕೂಗಿಕೊಂಡಳು.

"ಲೋ, ಬಾರೋ ಇಲ್ಲಿ! ಇದೇನಿದು ನೋಡು!"

ಲೋಟದಲ್ಲಿ ಚಮಚ ನೆಟ್ಟಗೆ ನಿಂತಿತ್ತು. ಅಮ್ಮ ಬೆರಳಿಗೆ ಸ್ವಲ್ಪ ತೆಗೆದುಕೊಂಡು ಎಳೆದರೆ ಲೊಳಲೊಳ ಎಂದು ಉದ್ದಕ್ಕೆ ಬಂತು.

ಗಿರಿಜ ಹತ್ತಿರ ಬಂದು ನೋಡಿ ನಿಧಾನವಾಗಿ ಹೇಳಿದಳು. "ಅತ್ತೆ, ಸಿಂಚು ಪುಸ್ತಕಕ್ಕೆ ರಟ್ಟು ಹಾಕಕ್ಕೆ ಮುಂಚೆ ಮೈದಾ ಅಂಟು ಕಾಯಿಸ್ತಿದ್ವಲ್ಲ, ಥೇಟ್ ಹಾಗೇ ಇದೆ."

ನಾನು ಡಬ್ಬಿ ಹಿಡಿದು ಅಂಗಡಿಗೆ ಓಡಿದೆ. ಅಂಗಡಿಯವನು ನನ್ನ ಮುಖ ನೋಡಿ ನಕ್ಕ. "ಬರೀ ಇಂಗು ಯಾರ್ ಸಾರ್ ತಿನ್ನಕ್ಕಾಗುತ್ತೆ, ನಾಲ್ಗೆ ಸುಟ್ಹೋಗುತ್ತೆ. ಈ ಪುಡಿಗೆಲ್ಲಾ ಗೋಂದು, ಮೈದಾ ಬೆರೆಸೇ ಬೆರೆಸಿರ್ತಾರೆ."

ಮೀಸೆ ತೊಳೆದಿದ್ದೆವು, ಗಿರಣಿ ಬಿಟ್ಟಿದ್ದೆವು, ಕಲ್ಲು ತಿರುಗಿಸಿದ್ದೆವು. ಕೋಡುಬಳೆಗೆ ಘಮ ಬರಲೆಂದು ಹಾಕಿದ್ದೂ ಅದೇ, ಕೋಡುಬಳೆಯಿಂದ ನೋವು ಬಂತೆಂದು ಕುಡಿಸಿದ್ದೂ ಅದೇ. ದಾರಿಯಲ್ಲಿ ನನಗೆ ನಗುವೇ ಬಂದಿತ್ತು. ಮನೆಗೆ ಬಂದು ಅಮ್ಮನ ಮುಖ ನೋಡಿದ ಮೇಲೆ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು.

"ನನ್ ಕೈಯಾರೆ ಕುಡಿಸ್ದೆ ಕಣೋ. ಬ್ಯಾಡ ಅಜ್ಜಿ ಅಂತ ಅತ್ರೂ ಮೂಗು ಹಿಡ್ದು ಕುಡಿಸ್ದೆ" ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಮ್ಮ ಅತ್ತಿದ್ದನ್ನು ನಾನು ಅಷ್ಟಾಗಿ ನೋಡಿದವನಲ್ಲ.

ಅವತ್ತಿನಿಂದ ಅಮ್ಮನ ಆಸ್ಪತ್ರೆ ಮುಚ್ಚಿತು. ಗೇಟಿಗೆ ಬಂದವರಿಗೆ "ಡಾಕ್ಟ್ರತ್ರ ಹೋಗಮ್ಮ" ಎನ್ನತೊಡಗಿದಳು. ಅಡುಗೆಮನೆಗೂ ಕಾಲಿಡಲಿಲ್ಲ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುವುದು, ಬೀದಿ ನೋಡುವುದು, ಅಷ್ಟೇ. ಇಂಗು ಹೋದ ಮೇಲೆ ಸಿಂಚನಳ ನೋವು ನಿಂತಿತು, ಕೆನ್ನೆ ತುಂಬಿಕೊಂಡಿತು. ಆದರೆ ಮನೆಯಲ್ಲಿ ತಂಬಿಟ್ಟಿಲ್ಲ, ಉಂಡೆಯಿಲ್ಲ. ಸ್ಕೂಲಿನ ಮಕ್ಕಳು ಸಿಂಚನಳನ್ನು, "ನಿಮ್ಮಜ್ಜಿ ಊರಿಗೆ ಹೋದ್ರಾ?" ಎಂದು ಕೇಳಿದರಂತೆ.

ಅಷ್ಟರಲ್ಲಿ ಎಂಟನೆಯ ಹುಟ್ಟುಹಬ್ಬ ಹತ್ತಿರವಾಯಿತು. ಮಾತು ಕೊಟ್ಟವನು ನಾನು. ಶಿವಾಜಿನಗರದಲ್ಲಿ ನನಗೆ ಪರಿಚಯದ ಒಬ್ಬ ಬೇಕರಿ ಭಾಯ್ ಇದ್ದರು. ಮೈದಾ ಇಲ್ಲದ ಕೇಕು ಮಾಡಿಕೊಡುತ್ತೀರಾ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು.

"ಕ್ಯಾ ಸಾಬ್, ತಬಿಯತ್ ಸರಿ ಇದ್ಯಾ? ಮೈದಾ ಇಲ್ದೆ ಕೇಕು, ಅಕ್ಕಿ ಇಲ್ದೆ ಬಿರಿಯಾನಿ. ಏನ್ ಕೇಳ್ತಿದ್ದೀರಾ ನೀವು?"

ಆಮೇಲೆ ನಾನೇ ಕಣಕ್ಕಿಳಿದೆ. ಆಗೆಲ್ಲ ಮನೆಮನೆಗೆ ಬಂದಿದ್ದ, ಮೇಲೆ ಗಾಜಿನ ಕಿಟಕಿಯ ದುಂಡನೆಯ ಅಲ್ಯೂಮಿನಿಯಂ ಓವನ್ನು ತಂದೆ. ರಾಗಿ ಹಿಟ್ಟಿಗೆ ಸಕ್ಕರೆ, ಬೆಣ್ಣೆ, ಸೋಡಾ ಹಾಕಿ ಒಳಗಿಟ್ಟು ಕಿಟಕಿಯಲ್ಲಿ ಇಣುಕುತ್ತಾ ಕೂತೆ. ಅದು ಉಬ್ಬಲಿಲ್ಲ, ಒಂದು ಸಲ ನಿಟ್ಟುಸಿರು ಬಿಟ್ಟು ತಳಕ್ಕೆ ಕಚ್ಚಿಕೊಂಡಿತು. ಕಿತ್ತು ತೆಗೆದರೆ ಚಾಕು ಬಾಗಿತು. ಕಾಂಪೌಂಡಿನ ಮೇಲಿಟ್ಟೆ, ಕಾಗೆ ಬಂದು ಒಂದು ಸಲ ಕುಕ್ಕಿ, ನನ್ನ ಕಡೆ ನೋಡಿ ಹಾರಿಹೋಯಿತು. ಗಿರಿಜ ಅದನ್ನು ಹಿತ್ತಲ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಳು. ಎಂಥ ಗಾಳಿಗೂ ಆ ಬಾಗಿಲು ಅಲುಗಲಿಲ್ಲ.

ಸಿಂಚನ ಆ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು, ಜಗಲಿಗೆ ಹೋಗಿ ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ಅಪ್ಪಂದು ಕೇಕಲ್ಲ, ಇಟ್ಟಿಗೆ. ನೀನೇ ಮಾಡ್ಕೊಡು."

"ನನ್ ಕೈದು ಬ್ಯಾಡ ಕಣವ್ವ. ನನ್ ಕೈಯಿ ಸರಿ ಇಲ್ಲ."

"ನಂಗ್ ನಿನ್ ಕೈದೇ ಬೇಕು" ಎಂದು ಸಿಂಚನ ಅಜ್ಜಿಯ ಮಡಿಲಿನಲ್ಲಿದ್ದ ಅವರೆಕಾಯಿಯ ಮೊರವನ್ನು ಎತ್ತಿ ಪಕ್ಕಕ್ಕಿಟ್ಟು ಅಲ್ಲಿ ತಾನು ಕೂತಳು. ನಾನು ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದೆ. ಅಮ್ಮ ಮೂಗು ಒರೆಸಿಕೊಂಡು, "ಈ ಕೇಕು ಅನ್ನೋದು ಹೆಂಗಿರ್ಬೇಕವ್ವ? ಮೆತ್ತಗಿರ್ಬೇಕಾ?" ಎಂದು ಕೇಳಿದಳು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ ಅಡುಗೆಮನೆ ಹೊಕ್ಕಳು. ಅಂಗಡಿಯಿಂದ ತಂದ ಒಂದು ಪುಡಿಯೂ ಬೇಡವೆಂದಳು. ಏಲಕ್ಕಿಯನ್ನು ತಾನೇ ಕುಟ್ಟಿದಳು. ಕಲ್ಲಿನಲ್ಲಿ ಬೀಸಿದ ರಾಗಿ ಹಿಟ್ಟನ್ನು ಘಮ್ಮೆನ್ನುವಂತೆ ಹುರಿದು, ಮನೆಯಲ್ಲೇ ಕುಟ್ಟಿದ ಅಕ್ಕಿ ಹಿಟ್ಟು ಬೆರೆಸಿ, ಬೆಲ್ಲದ ನೀರು ಸೋಸಿ, ಕಳಿತ ಬಾಳೆಹಣ್ಣು ಕಿವುಚಿ, ತೆಂಗಿನಕಾಯಿ ಹಾಲು, ಹುಳಿ ಮೊಸರು, ಒಂದು ಚಿಟಿಕೆ ಸೋಡಾ ಹಾಕಿದಳು. ನಾನು ಓವನ್ನಿನ ವೈರು ಹಿಡಿದು ನಿಂತಿದ್ದೆ. "ಅದನ್ನ ಅಟ್ಟದ್ ಮೇಲೆ ಹಾಕು" ಎಂದು ಹಿಟ್ಟನ್ನು ತುಪ್ಪ ಸವರಿದ ಡಬ್ಬಿಗೆ ಸುರಿದು, ಇಡ್ಲಿ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಿಸಿದಳು. ಮುಚ್ಚಳ ತೆಗೆದಾಗ ಕೇಕು ಡಬ್ಬಿಯ ಅಂಚು ದಾಟಿ ಉಬ್ಬಿತ್ತು. ಗಿರಿಜ ಒಣದ್ರಾಕ್ಷಿಯಲ್ಲಿ ಸಿಂಚನ ಎಂದು ಬರೆದಳು. ನಡುವಿನ ಸೊನ್ನೆಗೆ ಒಂದು ಗೋಡಂಬಿ.

ಮಧ್ಯಾಹ್ನ ಮಕ್ಕಳೆಲ್ಲ ಬಂದರು. ಗಿರಿಜಳ ತಮ್ಮ ರಮೇಶ ಕ್ಯಾಮೆರಾ ಹಿಡಿದು, "ಭಾವ, ರೋಲಲ್ಲಿ ಇನ್ನೊಂದೇ ಇರೋದು, ಕೇಕ್ ತಿನ್ಸೋದನ್ನ ಹೊಡೀತೀನಿ, ರೆಡಿಯಾಗಿರಿ" ಎಂದ. ಅಮ್ಮ ಮಾತ್ರ ಹಾಲಿಗೆ ಬರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮೇಣದ ಬತ್ತಿ ಆರಿಸಿದ್ದಾಯಿತು, ಹಾಡು ಹೇಳಿದ್ದಾಯಿತು, ಸಿಂಚನ ಕತ್ತರಿಸಿದ್ದಾಯಿತು. ಮೊದಲ ತುಂಡು ಅಪ್ಪನಿಗೆ, ಅದು ನಮ್ಮ ಮನೆಯ ಪದ್ಧತಿ. ನಾನು ಬಗ್ಗಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದೆ. ರಮೇಶ ಕ್ಲಿಕ್ ಎನಿಸಿದ.

ಬಾಯಿಗೆ ಏನೂ ಬರಲಿಲ್ಲ. ಇನ್ನಷ್ಟು ಅಗಲ ತೆರೆದೆ. ಆಗಲೂ ಬರಲಿಲ್ಲ. ಕಣ್ಣು ಬಿಟ್ಟರೆ ಸಿಂಚನ ಆ ತುಂಡನ್ನು ಇಡಿಯಾಗಿ ತನ್ನ ಬಾಯಿಗೇ ತುರುಕಿಕೊಂಡು, ಎರಡೂ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

"ತಾಳಪ್ಪಾ, ಮೊದ್ಲು ನಾನು" ಎಂದಳು, ಬಾಯಿಯಿಂದ ಚೂರು ಉದುರಿಸುತ್ತಾ.

ಮಕ್ಕಳೆಲ್ಲ ಹೋ ಎಂದು ನಕ್ಕರು. ಕೇಕು ಎಷ್ಟು ಬೇಗ ಖಾಲಿಯಾಯಿತೆಂದರೆ ನನ್ನ ಪಾಲಿಗೆ ಸೊನ್ನೆಯ ಗೋಡಂಬಿಯೂ ಸಿಗಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಅಮ್ಮ ನಗಲಿಲ್ಲ. ಫೋಟೋದ ಅಂಚಿನಲ್ಲಿ ಅವಳೂ ಇದ್ದಾಳೆ, ನನ್ನ ಬಾಯಿಯ ದೆಸೆಯಿಂದ ಯಾರೂ ಅವಳನ್ನು ಗಮನಿಸುವುದಿಲ್ಲ. ಅವಳ ಕಣ್ಣು ಮೊಮ್ಮಗಳ ಹೊಟ್ಟೆಯ ಮೇಲಿದೆ.

ಮಕ್ಕಳು ಹೋದರು. ಸಿಂಚನ ಬಲೂನು ಒಡೆಯುತ್ತಾ ಓಡಾಡುತ್ತಿದ್ದಳು. ಅಮ್ಮ ಅವಳ ಹಿಂದೆಯೇ ರೂಮಿನಿಂದ ರೂಮಿಗೆ ಓಡಾಡಿದಳು. ಮಗು ಸುಮ್ಮನೆ ಲಂಗ ಸರಿಮಾಡಿಕೊಂಡರೂ ಅಮ್ಮ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದಳು. ದೀಪ ಹಚ್ಚುವ ಹೊತ್ತಾಯಿತು. ಸಿಂಚನ ಆಟ ನಿಲ್ಲಿಸಿ ಸೋಫಾದ ಮೇಲೆ ಕೂತಳು. ಕೂತು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು.

ದೀಪಕ್ಕೆ ಹೊರಟಿದ್ದ ಅಮ್ಮ ಎಣ್ಣೆ ಬಟ್ಟಲು ಹಿಡಿದೇ ಅವಳ ಮುಂದೆ ಬಂದು ನಿಂತಳು. ಗಿರಿಜ ಅಡುಗೆಮನೆಯಿಂದ ಓಡಿಬಂದಳು. ನಾನು ಇದ್ದಲ್ಲೇ ನಿಂತೆ.

"ಏನಾಯ್ತವ್ವ? ಹೊಟ್ಟೆ ಹೆಂಗೈತೆ?" ಅಮ್ಮನ ಧ್ವನಿ ಅವಳಿಗೇ ಕೇಳಿಸಿತೋ ಇಲ್ಲವೋ.

ಸಿಂಚನ ಸ್ವಲ್ಪ ಯೋಚಿಸಿದಳು. "ಹಸೀತಿದೆ ಅಜ್ಜಿ. ಕೇಕ್ ಇನ್ನೂ ಇದ್ಯಾ?"

ಅಮ್ಮ ಎಣ್ಣೆ ಬಟ್ಟಲನ್ನು ಕೆಳಗಿಟ್ಟಳು, ಮೊಮ್ಮಗಳ ಹೊಟ್ಟೆಗೆ ಮುಖ ಒತ್ತಿ ಕೂತಳು. ಅತ್ತಳೋ ನಕ್ಕಳೋ ನನಗೆ ಕಾಣಿಸಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು.

"ಇನ್ನೂ ಬಾಯ್ ಬಿಟ್ಕೊಂಡೇ ನಿಂತಿದ್ದೀಯಲ್ಲೋ! ಹೋಗು, ರಾಗಿ ತಗೊಂಡ್ಬಾ, ಕಲ್ಲು ತಿರುಗ್ಸು."